ಹೆಸರಿಗಷ್ಟೆ

ಎರಡು ಕುದುರೆಗಳೂ ಗೆಲುವಿನ ಕಂಬವನ್ನು ಒಟ್ಟಿಗೇ ದಾಟಿದವು. ಅಲ್ಲಿಯವರೆಗೆ ಕಿವಿ ಗಡಚಿಕ್ಕುವಂತೆ ಕೂಗುತ್ತಿದ್ದ ಜನ ಒಮ್ಮೆಲೇ ಸುಮ್ಮನಾದರು. ಆ ಬದಿಯಲ್ಲಿ ಒಳಬೇಲಿಗೆ ಅಂಟಿಕೊಂಡು ಬಂದ ಬಿಳಿಯ ಗಂಡುಕುದುರೆ. ಈ ಬದಿಯಲ್ಲಿ, ಜೊತೆಗೆ ಯಾರೂ ಇಲ್ಲದೆ ಹೊರಸುತ್ತಿನಲ್ಲಿ ಓಡಿಬಂದ ಕಂದು ಬಣ್ಣದ ಹೆಣ್ಣುಕುದುರೆ. ನಡುವೆ ಒಂದು ಬಸ್ಸು ಹೋಗುವಷ್ಟು ಜಾಗ. ಯಾರ ಮೂಗು ಮುಂದಿತ್ತು ಎನ್ನುವುದು ಯಾರ ಕಣ್ಣಿಗೂ ಸಿಕ್ಕಲಿಲ್ಲ.

"ಫೋಟೋ ನೋಡಿ ತೀರ್ಮಾನ," ಎಂದಿತು ಧ್ವನಿವರ್ಧಕ. "ಫಲಿತಾಂಶ ಬರೋವರೆಗೂ ಯಾರೂ ಟಿಕೆಟ್ ಹರಿದು ಬಿಸಾಕ್ಬೇಡಿ."

ಲಾಯದ ಆಳುಗಳು ನಿಲ್ಲುವ ಕಟ್ಟೆಯ ಮೇಲೆ ಅತ್ತಿಗೆ ನಿಂತಿದ್ದಳು. ಓಟದುದ್ದಕ್ಕೂ ಅವಳು ಒಂದು ಸಲವೂ ಕೂಗಿರಲಿಲ್ಲ. ಪಕ್ಕದಲ್ಲಿ ಬಕೆಟ್ಟು ಹಿಡಿದು ನಿಂತಿದ್ದ ಮೀಸೆಯವನು, ಕಂದು ಕುದುರೆಯ ಮೈ ಉಜ್ಜಿ ಮೇವು ಹಾಕುವವನು, ತಡೆಯಲಾರದೆ ಕೇಳಿದ:

"ಅತ್ತಿಗೆ, ನಮ್ದೇ ಅಲ್ವಾ?"

"ನಂಗೂ ಇರೋದು ಎರಡೇ ಕಣ್ಣು ಕಣೋ. ನೀನು ಮೊದ್ಲು ನೀರು ತಗೊಂಡು ನಡಿ. ಸೋತಿದ್ರೂ ಅದಕ್ಕೆ ಬಾಯಾರಿರುತ್ತೆ."

ಅವನಿಗೆ ಅವಳೇನೂ ಸಂಬಂಧದಲ್ಲಿ ಅತ್ತಿಗೆಯಲ್ಲ. ಮೊದಲು ಹಾಗೆ ಕರೆಯುತ್ತಿದ್ದವನು ಅವಳ ಮೈದುನ. ಅವನ ಬಾಯಿಂದ ಅದು ಆಳುಗಳ ಬಾಯಿಗೆ, ಜಾಕಿಗಳ ಬಾಯಿಗೆ, ಕೊನೆಗೆ ಹುಲ್ಲಿನ ಲಾರಿಯವನ ಬಾಯಿಗೂ ಹತ್ತಿತ್ತು. ಗಂಡ ಕುದುರೆ ಪಳಗಿಸುವುದರಲ್ಲಿ ಹೆಸರು ಮಾಡಿದವನು. ಒಂದು ಬೆಳಗ್ಗೆ ಎದೆ ಯಾಕೋ ಹಿಡಿದ ಹಾಗಾಗುತ್ತೆ ಎಂದು ಹುಲ್ಲಿನ ಹೊರೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಲಾಯದ ತುಂಬ ಕುದುರೆಗಳಿದ್ದವು. ಅವುಗಳಿಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿತ್ತು. ಮದುವೆಯಾಗಿ ಬಂದ ಲಾಗಾಯ್ತು ಗಂಡನಿಗಿಂತ ಮೊದಲೆದ್ದು ಅವುಗಳ ಕಾಲು ಮುಟ್ಟಿ ನೋಡುತ್ತಿದ್ದವಳು ಅವಳು. ಮಾರನೆಯ ದಿನವೂ ಎದ್ದಳು.

ಆದರೆ ಕುದುರೆಯನ್ನು ಪಂದ್ಯಕ್ಕೆ ಬಿಡಬೇಕಾದರೆ ಟ್ರೇನರಿನ ಲೈಸೆನ್ಸ್ ಬೇಕು. ಅದನ್ನು ಕೇಳಲು ಕ್ಲಬ್ಬಿಗೆ ಹೋದಾಗ ಅಧ್ಯಕ್ಷರು ಅವಳನ್ನು ಕೂರಿಸಿ, ಕುಡಿಯಲು ನೀರು ತರಿಸಿ, ಬಹಳ ಮರ್ಯಾದೆಯಿಂದ ಇಲ್ಲವೆಂದರು. "ಹೆಂಗಸ್ರಿಗೆ ಕೊಟ್ಟ ಪದ್ಧತಿ ಇಲ್ಲಮ್ಮ. ಮನೇಲಿ ಗಂಡಸ್ರು ಇದ್ದಾರಲ್ಲ, ಅವರ ಹೆಸರಲ್ಲಿ ಕೇಳಿ."

ಮನೆಯಲ್ಲಿದ್ದ ಗಂಡಸು ಎಂದರೆ ಮೈದುನ. ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ. ಚಿಕ್ಕಂದಿನಲ್ಲಿ ಯಾವುದೋ ಕುದುರೆ ಭುಜಕ್ಕೆ ಬಾಯಿ ಹಾಕಿದ್ದರಿಂದ ಲಾಯದ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುವವನು. ಲೈಸೆನ್ಸ್ ಅವನ ಹೆಸರಿಗೆ ಬಂತು. ಅಂದಿನಿಂದ ಪಂದ್ಯದ ದಿನ ಅಂಗಡಿಗೆ ಬೀಗ ಹಾಕಿ, ಕೋಟು ತೊಟ್ಟು, ಕುದುರೆ ಮಾಲೀಕರ ಜೊತೆ ಒಳಾವರಣದ ಹುಲ್ಲಿನ ಮೇಲೆ ನಿಲ್ಲುವುದು ಅವನ ಕೆಲಸವಾಯಿತು. ಅತ್ತಿಗೆ ಆಳುಗಳ ಕಟ್ಟೆಯ ಮೇಲೆ ನಿಲ್ಲುತ್ತಿದ್ದಳು.

ಮೈದುನ ಕೆಟ್ಟವನಲ್ಲ. ಮೊದಮೊದಲು ಯಾರಾದರೂ ಹೊಗಳಿದರೆ ಕಿವಿ ಕೆಂಪಗೆ ಮಾಡಿಕೊಂಡು, "ಎಲ್ಲ ನಮ್ಮತ್ತಿಗೇದು" ಎನ್ನುತ್ತಿದ್ದ. ಆಮೇಲೆ ಸುಮ್ಮನೆ ನಗತೊಡಗಿದ. ಆಮೇಲೊಂದು ದಿನ ಪತ್ರಿಕೆಯವರ ಮುಂದೆ, "ಈ ಸಲ ನಾನು ಅದರ ಮೇವು ಸ್ವಲ್ಪ ಬದಲಾಯಿಸ್ದೆ" ಎಂದ. ಅದನ್ನು ಓದಿ ಅತ್ತಿಗೆ ಮೀಸೆಯವನ ಜೊತೆ ಸೇರಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಎರಡನೆಯ ಸಲ ಓದಿದಾಗ ನಗು ಬರಲಿಲ್ಲ. ಅವನು ಹಾಗೆ ಹೇಳಿಕೊಂಡದ್ದರಿಂದ ಅವಳಿಗೆ ನೋವಾಗಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವನು ಅದನ್ನು ನಂಬಿಬಿಟ್ಟಿದ್ದನಲ್ಲ, ಅದರಿಂದ ನೋವಾಯಿತು.

ಇವತ್ತಿನ ಕಂದು ಕುದುರೆಗೆ ಪಂದ್ಯದ ಪಟ್ಟಿಯಲ್ಲಿ ಏನೋ ರಾಣಿ ಮಹಾರಾಣಿ ಎಂದು ಹೆಸರಿತ್ತು. ಲಾಯದಲ್ಲಿ ಅದು ಮೊಂಡಿ. ಅದರ ಮಾಲೀಕರು ನೂಲಿನ ಗಿರಣಿಯ ಯಜಮಾನರು. ಮನಸ್ಸು ಬಂದರೆ ಮಾತ್ರ ಓಡುವ ಪ್ರಾಣಿ ಯಾರಿಗೆ ಬೇಕು, ಮಾರಿಬಿಡುತ್ತೇನೆ ಎಂದು ಅವರು ಹೊರಟಿದ್ದಾಗ ಅತ್ತಿಗೆಯೇ ಹಟ ಹಿಡಿದು ಉಳಿಸಿಕೊಂಡಿದ್ದಳು. ವರ್ಷದ ಪಂದ್ಯಗಳಲ್ಲೆಲ್ಲ ದೊಡ್ಡದಾದ ಈ ಕಪ್ಪಿನ ಪಂದ್ಯಕ್ಕೆ ಮೊಂಡಿಯನ್ನು ಬಿಡುವುದೇ ಒಂದು ತಮಾಷೆ ಎಂದು ಕ್ಲಬ್ಬಿನಲ್ಲಿ ಮಾತಾಡಿಕೊಂಡಿದ್ದರು. ಬಿಳಿಯ ಕುದುರೆ ಗೆದ್ದ ಹಾಗೇ ಲೆಕ್ಕ ಎಂದೂ ಹೇಳುತ್ತಿದ್ದರು.

ಬೆಳಗ್ಗೆ ಅತ್ತಿಗೆ ಮೈದಾನವನ್ನು ಒಂದು ಸುತ್ತು ನಡೆದು ಬಂದಿದ್ದಳು. ಹಿಂದಿನ ದಿನದ ಓಟಗಳಿಂದ ಒಳಬೇಲಿಯ ಪಕ್ಕದ ನೆಲ ಉತ್ತ ಹಾಗಾಗಿತ್ತು, ಚಪ್ಪಲಿ ಒಳಗಿಳಿಯುತ್ತಿತ್ತು. ಮೊಂಡಿಗೆ ಮೆತ್ತನೆಯ ನೆಲ ಎಂದರೆ ಆಗದು. ಜಾಕಿಯನ್ನು ಕರೆದಳು. ಗುಬ್ಬಿ ಎಂದು ಅವನ ಅಡ್ಡಹೆಸರು. ತಲೆಗೂದಲು ನೆರೆತರೂ ಹೆಸರು ಬೆಳೆದಿರಲಿಲ್ಲ.

"ಬೇಲಿ ಹತ್ರ ಹೋಗ್ಬೇಡ. ಸುತ್ತು ಜಾಸ್ತಿ ಆದ್ರೂ ಆಗ್ಲಿ, ಗಟ್ಟಿ ನೆಲ ಹಿಡಿ."

"ಒಳಗೇ ಇಟ್ಕೊಂಡು ಓಡ್ಸು ಅಂತ ಯಜಮಾನ್ರು ಹೇಳಿದ್ದಾರಲ್ಲ ಅತ್ತಿಗೆ?"

"ಸೋತ್ರೆ ನನ್ನ ಹೆಸರು ಹೇಳು."

"ಗೆದ್ರೆ?"

"ಗೆದ್ರೆ ಹೇಳ್ಕೊಳ್ಳಕ್ಕೆ ಬೇರೆಯವ್ರಿದ್ದಾರೆ, ನಡಿ."

ಈಗ ಒಳಾವರಣದಲ್ಲಿ ಗಿರಣಿ ಯಜಮಾನರು ಕೆಂಡವಾಗಿದ್ದರು. ಬಿಳಿಯ ಕುದುರೆಯ ಜಾಕಿ ಕಂಬ ದಾಟಿದ್ದೇ ತಡ ಚಾವಟಿ ಎತ್ತಿ ಬೀಸಿದ್ದ. ಅದರ ಕಡೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಗೆದ್ದವರ ಹಾಗೆ ಯಾರು ಮೊದಲು ಕುಣಿಯುತ್ತಾರೋ ಅವರೇ ಗೆದ್ದರೆಂದು ಸುತ್ತಲಿನವರು ನಂಬಿದರು. ಗಿರಣಿ ಯಜಮಾನರೂ ನಂಬಿದರು.

"ನಾನೇನು ಹೇಳಿದ್ದೆ? ಒಳಗಡೆ ಅಂತ ಹೇಳಿದ್ನೋ ಇಲ್ವೋ?" ಮೈದುನನ ಮೇಲೆ ಹರಿಹಾಯ್ದರು. "ಅರ್ಧ ಊರು ಸುತ್ತಿಸ್ಕೊಂಡು ಬಂದಿದ್ದಾನೆ ಆ ಗುಬ್ಬಿ! ಕೂದಲೆಳೇಲಿ ಕಪ್ಪು ಹೋಯ್ತು. ಯಾರ ಬುದ್ಧಿವಂತಿಕೆ ಇದು?"

ಫೋಟೋ ಬರುವವರೆಗೆ ಜನರಿಗೆ ಹೊತ್ತು ಹೋಗಲೆಂದು ಒಬ್ಬ ಮೈಕು ಹಿಡಿದು ಒಳಾವರಣದಲ್ಲಿ ಅವರಿವರನ್ನು ಮಾತಾಡಿಸುತ್ತಾ ಬರುತ್ತಿದ್ದ. ಜಗಳದ ವಾಸನೆ ಬಡಿದು ಇತ್ತಲೇ ತಿರುಗಿದ.

"ಟ್ರೇನರ್ ಸಾಹೇಬ್ರೆ, ಎಲ್ಲರೂ ಕೇಳ್ತಿದ್ದಾರೆ. ಹೊರಗಡೆಯಿಂದ ಓಡ್ಸೋ ಯೋಚ್ನೆ ನಿಮ್ದೇನಾ? ಎಲ್ಲಿ ಎಡವಿದ್ರಿ?"

ಮೈದುನ ಒಮ್ಮೆ ಯಜಮಾನರ ಮುಖ ನೋಡಿದ, ಒಮ್ಮೆ ಮೈಕು ನೋಡಿದ.

"ಅಯ್ಯೋ, ನಂದೇನಿಲ್ಲ ಸ್ವಾಮಿ," ಎಂದುಬಿಟ್ಟ. "ನಾನು ಹೆಸರಿಗಷ್ಟೆ. ಮೇವು ಹಾಕೋದು, ಓಡ್ಸೋದು, ಜಾಕಿಗೆ ಹೇಳೋದು, ಎಲ್ಲ ನಮ್ಮತ್ತಿಗೇನೇ. ಮೊದ್ಲಿಂದ್ಲೂ ಅವರೇ. ಬೇಕಾದ್ರೆ ಅವರನ್ನೇ ಕೇಳಿ. ನನ್ನ ಮಾತು ಯಾರು ಕೇಳ್ತಾರೆ ಅಲ್ಲಿ?"

ಆ ಮಾತು ಮೈದಾನದ ಮೂಲೆಮೂಲೆಯ ಕಂಬಗಳಿಗೆ ಕಟ್ಟಿದ್ದ ಧ್ವನಿವರ್ಧಕಗಳಿಂದ ಹೊರಬಿತ್ತು. ಟಿಕೆಟ್ ಕಿಟಕಿಯ ಮುಂದೆ ಸಾಲು ನಿಂತವರು ಕೇಳಿದರು. ಮೇಲ್ಛಾವಣಿಯ ಕೆಳಗೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷರು ಕೇಳಿದರು. ಆಳುಗಳ ಕಟ್ಟೆಯ ಮೇಲೆ ಅತ್ತಿಗೆಯೂ ಕೇಳಿದಳು. ಅವಳ ಮುಖ ಕೆಂಪಾಯಿತು. ಇಷ್ಟು ವರ್ಷ ಯಾವ ಮಾತನ್ನು ಕೇಳಬೇಕೆಂದು ಕಾದಿದ್ದಳೋ ಅದನ್ನು ಅವನು ಮೈಮೇಲಿನ ಕಸ ಕೊಡವುವ ಹಾಗೆ ಕೊಡವಿದ್ದ.

ಸುತ್ತಲಿನವರು ಅವಳತ್ತ ತಿರುಗಿದರು. ಮೊಂಡಿಯ ಮೇಲೆ ಬಾಜಿ ಕಟ್ಟಿ ಸುಸ್ತಾಗಿದ್ದ ಒಬ್ಬ, "ಏನಮ್ಮ, ಹೊರಗಡೆ ಕಳ್ಸಿದ್ದು ನೀವಾ?" ಎಂದು ರೇಗಿದ.

"ಹೌದು, ನಾನೇ," ಎಂದಳು. "ನಾಳೆ ಓಡ್ಸಿದ್ರೂ ಹೊರಗಡೇನೇ ಕಳಿಸ್ತೀನಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಧ್ವನಿವರ್ಧಕ ಗೊರಗುಟ್ಟಿತು. ಎದುರಿನ ಎತ್ತರದ ಹಲಗೆಯ ಮೇಲೆ ಗೆದ್ದ ಕುದುರೆಯ ಸಂಖ್ಯೆಯ ತಗಡು ಏರತೊಡಗಿತು. ಗಾಳಿಗೆ ಅದು ಅಡ್ಡಡ್ಡ ತಿರುಗಿ, ನಿಂತು, ನೇರವಾಯಿತು. ಏಳು. ಮೊಂಡಿಯ ಸಂಖ್ಯೆ. ಒಂದು ಮೂಗಿನಷ್ಟು ಅಂತರ.

ಮೈದಾನ ಸಿಡಿಯಿತು. ರೇಗಿದ್ದವನು ತನ್ನ ಟೋಪಿಯನ್ನು ಯಾರದೋ ತಲೆಗೆ ಹಾಕಿ ಕುಣಿಯತೊಡಗಿದ. ಮೀಸೆಯವನು ಮೊಂಡಿಯ ಲಗಾಮು ಹಿಡಿದುಕೊಂಡು ಬರುತ್ತಾ ಮಗುವಿನಂತೆ ಅಳುತ್ತಿದ್ದ. ಗುಬ್ಬಿ ಮೇಲಿನಿಂದ ಬಗ್ಗಿ, "ಗಟ್ಟಿ ನೆಲ ಅತ್ತಿಗೆ! ಕಲ್ಲು ಕಲ್ಲು!" ಎಂದು ಕೂಗಿದ. ಅತ್ತಿಗೆ ಕಟ್ಟೆಯಿಂದ ಇಳಿದಳು. ಪ್ರತಿ ಸಲ ಗೆದ್ದಾಗಲೂ ಅವಳು ಬೇಲಿಯವರೆಗೆ ಬಂದು, ಕುದುರೆಯ ಕುತ್ತಿಗೆ ತಟ್ಟಿ, ಅಲ್ಲೇ ನಿಂತುಬಿಡುತ್ತಿದ್ದಳು. ಇವತ್ತು ಮೀಸೆಯವನ ಕೈಯಿಂದ ಲಗಾಮು ತೆಗೆದುಕೊಂಡಳು.

"ಕೊಡಿಲ್ಲಿ. ನಾನು ಕರ್ಕೊಂಡು ಹೋಗ್ತೀನಿ."

ಗೆದ್ದ ಕುದುರೆಯ ಆವರಣದ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಇಟ್ಟ. ಅವನಿಗೂ ಅವಳ ಪರಿಚಯವಿತ್ತು, ಅದಕ್ಕೇ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದ: "ಟ್ರೇನರ್ ಬಿಟ್ಟು ಬೇರೆಯವ್ರು ಬರೋ ಹಾಗಿಲ್ಲಮ್ಮ."

"ಮೈಕಲ್ಲಿ ಹೇಳಿದ್ದು ನಿಂಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು... ಆದ್ರೆ..."

"ಆದ್ರೆ ಏನು? ಇಡೀ ಮೈದಾನಕ್ಕೆ ಕೇಳಿಸಿದೆ."

ಬೇಲಿಗೆ ಮುಗಿಬಿದ್ದಿದ್ದ ಜನ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ಬಿಡ್ರೀ ಅತ್ತಿಗೇನ ಒಳಗೆ!" ಎಂದು ಒಬ್ಬ ಕೂಗಿದ. ಇನ್ನೊಬ್ಬ ಸೇರಿಕೊಂಡ. ಆಮೇಲೆ ಯಾರು ಕೂಗಿದರು ಯಾರು ಬಿಟ್ಟರು ಎಂದು ಹೇಳುವ ಹಾಗಿರಲಿಲ್ಲ. ಕಾವಲುಗಾರನ ಕೈ ತಾನಾಗಿಯೇ ಕೆಳಗಿಳಿಯಿತು. ಮೊಂಡಿ ಬೆವರು ಸುರಿಸುತ್ತಾ, ಮೂಗಿನ ಹೊಳ್ಳೆ ಅರಳಿಸಿಕೊಂಡು, ಅವಳ ಭುಜಕ್ಕೆ ತಲೆ ಉಜ್ಜುತ್ತಾ ಒಳಗೆ ನಡೆಯಿತು.

ಒಳಗೆ ಗಿರಣಿ ಯಜಮಾನರು ಮೈದುನನನ್ನು ತಬ್ಬಿಕೊಂಡು ನಿಂತಿದ್ದರು. ಮೈದುನ ಅವಳನ್ನು ಕಂಡದ್ದೇ ಕೋಟಿನ ಗುಂಡಿ ಹಾಕಿಕೊಂಡ. ಅಷ್ಟರಲ್ಲಿ ಅಧ್ಯಕ್ಷರು ಬಂದರು. ಜನರ ಕೂಗು ಅವರಿಗೆ ಹಿತವಾಗಿರಲಿಲ್ಲ. ಮೊಂಡಿಯ ಲಗಾಮನ್ನು ಮೀಸೆಯವನಿಗೆ ಕೊಡಿಸಿ, ಮೂವರನ್ನೂ ಓಟದ ನಂತರ ಜಾಕಿಗಳ ತೂಕ ನೋಡುವ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ಅಲ್ಲಿ ಗುಬ್ಬಿ ಆಗಲೇ ಜೀನು ಹೊತ್ತುಕೊಂಡು ತಕ್ಕಡಿಯ ಮೇಲೆ ಕೂತಿದ್ದ. ಮುಳ್ಳು ಇನ್ನೂ ನಡುಗುತ್ತಿತ್ತು.

"ನೋಡಮ್ಮ, ಖುಷಿಯಲ್ಲಿ ಏನೋ ಮಾತು ಬಂದಿದೆ," ಎಂದರು ಅಧ್ಯಕ್ಷರು. "ತಮಾಷೆಗೆ ಹೇಳಿದ್ದು ಅಂತ ನಿಮ್ಮ ಮೈದುನ ಒಂದು ಮಾತು ಮೈಕಲ್ಲಿ ಹೇಳ್ಲಿ, ಕಪ್ಪು ತಗೊಳ್ಳಿ. ನಿಮ್ಮ ಲೈಸೆನ್ಸ್ ವಿಷ್ಯ ಮುಂದಿನ ವರ್ಷ ನೋಡೋಣ."

"ಆ ಮೊದಲ ಸಲ ಆದ್ಮೇಲೂ ಮೂರು ಸಲ ಕೇಳಿದ್ದೆ. ಮೂರು ಸಲವೂ ನೋಡೋಣ ಅಂದಿದ್ದೀರಿ."

"ಹಾಗಲ್ಲ. ಕಾನೂನು ಅಂತ ಒಂದಿದೆ. ಲೈಸೆನ್ಸ್ ಇಲ್ದೋರು ತಯಾರು ಮಾಡಿದ ಕುದುರೆ ಅಂತ ಸಾಬೀತಾದ್ರೆ ಗೆಲುವೇ ರದ್ದಾಗುತ್ತೆ. ಬಿಳಿ ಕುದುರೆಯವರು ಈಗಾಗ್ಲೇ ಗುಸುಗುಸು ಶುರು ಮಾಡಿದ್ದಾರೆ. ಯಜಮಾನ್ರ ಕಪ್ಪು ಹೋಗುತ್ತೆ, ಈ ಜಾಕಿ ಗೆಲುವು ಹೋಗುತ್ತೆ. ಅವರ ಹೊಟ್ಟೆ ಮೇಲೆ ಹೊಡೀತೀರಾ?"

ಗಿರಣಿ ಯಜಮಾನರು ಕೆಮ್ಮಿದರು. ವಾರವಾರವೂ ಲಾಯಕ್ಕೆ ಬಂದು ಅವಳ ಕೈಯ ಟೀ ಕುಡಿದು, ಮೊಂಡಿಯ ಕಾಲಿನ ಬಗ್ಗೆ ಅವಳನ್ನೇ ಕೇಳಿ, ಪಂದ್ಯದ ದಿನ ಮೈದುನನ ಹೆಗಲ ಮೇಲೆ ಕೈ ಹಾಕಿಕೊಳ್ಳುವವರು ಅವರು. ಈಗ ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಗಡಿಯಾರ ನೋಡಿದರು.

ಅತ್ತಿಗೆಗೆ ಅವರ ಚಿಂತೆ ಇರಲಿಲ್ಲ. ಅವಳು ಗುಬ್ಬಿಯನ್ನು ನೋಡಿದಳು. ಈ ವಯಸ್ಸಿನಲ್ಲಿ ಅವನಿಗೆ ಯಾರೂ ದೊಡ್ಡ ಕುದುರೆ ಕೊಡುತ್ತಿರಲಿಲ್ಲ. ಇದು ಹೋದರೆ ಇನ್ನೊಂದು ಬರುವುದು ಅನುಮಾನವೇ.

ಗುಬ್ಬಿ ತಕ್ಕಡಿಯಿಂದ ಇಳಿದ.

"ನನ್ನ ಮುಖ ಏನು ನೋಡ್ತೀರಿ ಅತ್ತಿಗೆ? ನಾನು ಗೆರೆ ದಾಟಿ ಆಯ್ತು. ಅದನ್ನ ವಾಪಸ್ ದಾಟ್ಸಕ್ಕೆ ಇವರಪ್ಪನ ಕೈಲೂ ಆಗಲ್ಲ." ಆಮೇಲೆ ಅಧ್ಯಕ್ಷರ ನೆನಪಾಗಿ, "ತಪ್ಪು ತಿಳ್ಕೋಬೇಡಿ ಸಾರ್," ಎಂದು ಸೇರಿಸಿದ.

ಅತ್ತಿಗೆ ಅಧ್ಯಕ್ಷರ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಹೋದ ಬೇಸಿಗೇಲಿ ನಿಮ್ಮ ಎರಡು ಕುದುರೆ ನಮ್ಮ ಲಾಯದಲ್ಲಿದ್ವು. ಒಂದು ಮೇವು ಬಿಟ್ಟಿತ್ತು. ಬೆಳಗಾಗೋ ಮುಂಚೆ ಫೋನ್ ಮಾಡಿ ಯಾರನ್ನ ಕೇಳ್ತಿದ್ರಿ? ಕನ್ನಡಕದ ಅಂಗಡೀನ?"

ಅಧ್ಯಕ್ಷರು ತಮ್ಮ ಕನ್ನಡಕ ಸರಿಮಾಡಿಕೊಂಡರು.

"ನಿಮಗೆ ಗೊತ್ತಿತ್ತು. ಇವರಿಗೆ ಗೊತ್ತಿತ್ತು. ಹುಲ್ಲಿನ ಲಾರಿಯವನಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಇರೋಣ ಅಂತ ಎಲ್ಲ ಸೇರಿ ಒಪ್ಕೊಂಡಿದ್ವಿ, ನಾನೂ ಒಪ್ಕೊಂಡಿದ್ದೆ. ಇನ್ನು ಒಪ್ಪಲ್ಲ. ರದ್ದು ಮಾಡೋದಾದ್ರೆ ಮಾಡಿ. ಯಾಕೆ ಅಂತ ಅದೇ ಮೈಕಲ್ಲಿ ಹೇಳಿ. ಇಂಥ ಹೆಂಗಸು ತಯಾರು ಮಾಡಿದ ಕುದುರೆ ಗೆದ್ದುಬಿಟ್ಟಿದೆ, ಅದಕ್ಕೇ ರದ್ದು ಅಂತ ಹೇಳಿ. ನಾನು ಬೇಲಿ ಆಚೆ ಹೋಗಿ ನಿಲ್ಲಲ್ಲ."

ಹೊರಗೆ ಜನರ ಕೂಗು ಬಾಗಿಲಿಗೆ ಬಡಿಯುತ್ತಿತ್ತು. ಅಧ್ಯಕ್ಷರು ಕೊನೆಯ ಆಸರೆಯೆಂಬಂತೆ ಮೈದುನನತ್ತ ತಿರುಗಿದರು.

"ಲೈಸೆನ್ಸ್ ನಿಮ್ಮ ಹೆಸರಲ್ಲಿದೆ. ನೀವು ಹೇಳಿ. ಕುದುರೆ ತಯಾರು ಮಾಡಿದ್ದು ಯಾರು?"

ಮೈದುನ ಅತ್ತಿಗೆಯನ್ನು ನೋಡಿದ. ಅವಳು ಅವನಿಗೆ ಕಣ್ಸನ್ನೆ ಮಾಡಲಿಲ್ಲ, ಗದರಲಿಲ್ಲ. "ಹೇಳಪ್ಪ," ಎಂದಳು ಅಷ್ಟೆ. ಅವನು ಶಾಲೆಗೆ ಹೋಗುತ್ತಿದ್ದಾಗ ಮಗ್ಗಿ ಒಪ್ಪಿಸುವಂತೆ ಹೇಳುತ್ತಿದ್ದ ದನಿಯಲ್ಲಿ. ಅವನು ಕೋಟಿನ ಗುಂಡಿ ಬಿಚ್ಚಿದ. ಮತ್ತೆ ಹಾಕಿದ.

"ನಾನು ಹತ್ರ ಹೋದ್ರೆ ಅದು ಕಚ್ಚಕ್ಕೆ ಬರುತ್ತೆ ಸಾರ್," ಎಂದ. ಆಮೇಲೆ, "ಯಾವ ಕುದುರೆ ಹತ್ರ ಹೋದ್ರೂ ಅಷ್ಟೇ," ಎಂದ. ಹೇಳಿ ಮುಗಿಸಿದ ಮೇಲೆ ಅವನ ಭುಜಗಳು ಇಳಿದವು. ಎಷ್ಟೋ ಕಾಲದಿಂದ ಬಿಗಿ ಬೂಟು ತೊಟ್ಟಿದ್ದವನು ಬಿಚ್ಚಿಟ್ಟ ಹಾಗಿತ್ತು ಅವನ ಮುಖ.

ಅಂದು ಕಪ್ಪು ಕೊಡುವಾಗ ಮಾಲೀಕರ ಹೆಸರು ಕರೆದರು, ಜಾಕಿಯ ಹೆಸರು ಕರೆದರು. ಟ್ರೇನರಿನ ಹೆಸರು ಬರಬೇಕಾದಲ್ಲಿ ಮೈಕಿನವನು ಒಂದು ಗುಟುಕು ನೀರು ಕುಡಿದ. ಅತ್ತಿಗೆ ಮೊಂಡಿಯ ಪಕ್ಕದಲ್ಲಿ, ಎಲ್ಲರ ಮಧ್ಯೆ ನಿಂತಿದ್ದಳು. ಫೋಟೋ ತೆಗೆಯುವವನು ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದು ಕೈಮಾಡಿದ. ಅವಳು ಸರಿಯಲಿಲ್ಲ. ಅವನೇ ಸರಿದು ತೆಗೆದ.

ಗೆಲುವನ್ನು ರದ್ದು ಮಾಡುವ ಧೈರ್ಯ ಕ್ಲಬ್ಬಿಗೆ ಬರಲಿಲ್ಲ. ಆದರೆ ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ. ಸುಳ್ಳು ಹೆಸರು ಕೊಟ್ಟರೆಂದು ಮೈದುನನ ಲೈಸೆನ್ಸನ್ನು ಕಿತ್ತುಕೊಂಡರು. ಲೈಸೆನ್ಸ್ ಇಲ್ಲದ ಲಾಯದಿಂದ ಮಾಲೀಕರು ಒಬ್ಬೊಬ್ಬರಾಗಿ ಬಂದು ತಮ್ಮ ಕುದುರೆಗಳನ್ನು ಬಿಚ್ಚಿಕೊಂಡು ಹೋದರು. ಕೆಲವರು ತಲೆ ತಗ್ಗಿಸಿ ಹೋದರು. ಕೆಲವರು ಬುದ್ಧಿ ಹೇಳಿ ಹೋದರು. ಲಾಯ ಅರ್ಧಕ್ಕರ್ಧ ಬರಿದಾಯಿತು. ಗಿರಣಿ ಯಜಮಾನರೂ ಒಂದು ದಿನ ಬಂದರು. ಮೊಂಡಿಯ ಎದುರು ಬಹಳ ಹೊತ್ತು ನಿಂತು, "ಇದು ಇಲ್ಲೇ ಇರ್ಲಿ," ಎಂದರು. "ಬೇರೆಯವ್ರ ಮಾತು ಇದು ಕೇಳಲ್ಲ. ನಾನೂ ಕೇಳೋದು ಬಿಟ್ಟಿದ್ದೀನಿ."

ಅತ್ತಿಗೆ ಉಳಿದ ಕುದುರೆಗಳನ್ನು ದಿನಾ ಬೆಳಗ್ಗೆ ಓಡಿಸಿದಳು. ಪಂದ್ಯಕ್ಕೆ ಬಿಡುವ ಹಾಗಿಲ್ಲದಿದ್ದರೂ ನಾಳೆಯೇ ಪಂದ್ಯ ಎನ್ನುವಂತೆ ಓಡಿಸಿದಳು. ಅತ್ತ ಮೈದಾನದಲ್ಲಿ ಹೊಸದೊಂದು ರೂಢಿ ಶುರುವಾಗಿತ್ತು. ಯಾವ ಪಂದ್ಯದಲ್ಲಿ ಯಾರ ಕುದುರೆ ಗೆದ್ದರೂ, ಟ್ರೇನರಿನ ಹೆಸರು ಕರೆದ ಕೂಡಲೇ ಅಗ್ಗದ ಟಿಕೆಟ್ಟಿನ ಕಡೆಯಿಂದ, "ಅತ್ತಿಗೆ ಎಲ್ಲಿ?" ಎಂದು ಕೂಗು ಏಳುತ್ತಿತ್ತು. ಮೊದಲು ನಾಲ್ಕೈದು ಪೋಕರಿಗಳು ಕೂಗುತ್ತಿದ್ದರು. ಬರಬರುತ್ತಾ ಆ ಕಡೆಯವರೆಲ್ಲ ಕೂಗತೊಡಗಿದರು. ದೊಡ್ಡ ದೊಡ್ಡ ಅತಿಥಿಗಳು ಬಂದಾಗ, ಇದೇನು ಕೂಗು ಎಂದು ಕೇಳಿದರೆ ಅಧ್ಯಕ್ಷರಿಗೆ ಹೇಳುವುದೇ ಕಷ್ಟವಾಯಿತು.

ಚಳಿ ಶುರುವಾಗುವ ಹೊತ್ತಿಗೆ ಲೈಸೆನ್ಸ್ ಬಂತು. ಅವಳ ಹೆಸರಿಗೆ.

ಆ ಚಳಿಗಾಲದ ಮೊದಲ ಪಂದ್ಯದ ದಿನ ಅವಳು ಒಳಾವರಣದ ಬಾಗಿಲ ಬಳಿಯ ಕಿಟಕಿಯ ಮುಂದೆ ನಿಂತಳು. ಹೊಸದೊಂದು ಹಸಿರು ಸ್ವೆಟರ್ ತೊಟ್ಟಿದ್ದಳು. ಹೆಣೆದು ಮುಗಿಸಿ ಎರಡು ದಿನವೂ ಆಗಿರಲಿಲ್ಲ. ಗುಮಾಸ್ತ ಟ್ರೇನರುಗಳಿಗೆ ಕೊಡುವ ಹಿತ್ತಾಳೆಯ ಬಿಲ್ಲೆಯನ್ನು ಕೊಟ್ಟ. ಅದರ ಹಿಂದೆ ಪಿನ್ನು ಇರಲಿಲ್ಲ. ದಪ್ಪನೆಯ ಒಂದು ತಿರುಪು, ಅದಕ್ಕೊಂದು ನಟ್ಟು ಇತ್ತು.

"ಇದು ಕೋಟಿನ ಕಾಜಾಕ್ಕೆ ಹಾಕೋದು ಅಮ್ಮ," ಎಂದ ಗುಮಾಸ್ತ ಮುಜುಗರದಿಂದ. "ನಿಮಗೆ ಬೇರೆ ಥರದ್ದು ಮಾಡಿಸ್ಬೇಕು. ಮುಂದಿನ ವಾರ ಬನ್ನಿ. ಇದಿಲ್ದೆ ಒಳಗೆ ಬಿಡಲ್ಲ."

"ಮುಂದಿನ ವಾರ ಯಾಕೆ?"

ಅವಳು ಕೈಚೀಲದಿಂದ ಕುದುರೆಯ ಬಾಲ ಕತ್ತರಿಸುವ ಕತ್ತರಿ ತೆಗೆದಳು. ಎದೆಯ ಎಡಭಾಗದಲ್ಲಿ ಉಣ್ಣೆಯನ್ನು ಚಿವುಟಿ ಹಿಡಿದು ಕಚಕ್ಕೆಂದು ಕತ್ತರಿಸಿದಳು. ಗುಮಾಸ್ತ ಅಯ್ಯೋ ಎಂದ. ಆ ತೂತಿನಲ್ಲಿ ತಿರುಪು ತೂರಿಸಿ, ಹಿಂದಿನಿಂದ ನಟ್ಟನ್ನು ಬಿಗಿಯಾಗಿ ತಿರುಗಿಸಿದಳು. ಹಸಿರು ಉಣ್ಣೆಯ ಎಳೆಯೊಂದು ಬಿಟ್ಟುಕೊಂಡು ಕೆಳಗೆ ಜೋತಾಡತೊಡಗಿತು. ಅದನ್ನು ಹಾಗೇ ಬಿಟ್ಟು ಅವಳು ಹುಲ್ಲಿನ ಮೇಲೆ ಕಾಲಿಟ್ಟಳು.